ರಿಮೋಟಿಗೆ ಓಗೊಡುವ ಕಂಪ್ಯೂಟರು

ಕತ್ತಲು ಕವಿಯುತ್ತಿದ್ದಂತೆ ಕಾಪುವಿನ ಕಡಲಬಂಡೆಯ ಮೇಲಿನ ದೀಪಸ್ತಂಭ ಕಣ್ಣು ಮಿಟುಕಿಸತೊಡಗುತ್ತದೆ. 1901ರಲ್ಲಿ ಕಟ್ಟಿದ ಸ್ತಂಭ ಅದು. ದೂರದ ದೋಣಿಯಲ್ಲಿರುವವನಿಗೆ ಅಲ್ಲಿಂದ ಕಾಣುವುದು ಬೆಳಕಿನ ಒಂದು ಬೊಟ್ಟು ಮಾತ್ರ. ಆದರೂ ಅದು ಕಾಪುವಿನ ದೀಪ, ಬೇರೆ ಊರಿನದಲ್ಲ ಎಂದು ಅವನಿಗೆ ತಿಳಿಯುತ್ತದೆ. ಹೇಗೆಂದರೆ, ಒಂದೊಂದು ದೀಪಸ್ತಂಭಕ್ಕೂ ಅದರದೇ ಆದ ಮಿಟುಕಿನ ಕ್ರಮ ಉಂಟು. ಎಷ್ಟು ಸಲ ಬೆಳಗಿತು, ನಡುವೆ ಎಷ್ಟು ಹೊತ್ತು ಕತ್ತಲಿತ್ತು ಎಂದು ಎಣಿಸಿದರೆ ಸಾಕು, ಊರಿನ ಹೆಸರಿನ ಹಲಗೆ ಓದಿದಂತೆ.

ಟಿ.ವಿ.ಯ ರಿಮೋಟು ಅಂಗೈಯಲ್ಲಿ ಹಿಡಿಸುವ ಇಂಥದೇ ಒಂದು ದೀಪಸ್ತಂಭ. ಗುಂಡಿ ಒತ್ತಿದೊಡನೆ ಅದರ ಮೂತಿಯಲ್ಲಿರುವ ಪುಟ್ಟ ದೀಪ ಮಿಟುಕುತ್ತದೆ. ಒಂದೊಂದು ಗುಂಡಿಗೆ ಒಂದೊಂದು ಕ್ರಮ. ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣದು, ಟಿ.ವಿ.ಗೆ ಮಾತ್ರ ಕಾಣುತ್ತದೆ. ಹಾಗಾದರೆ ಅದೇ ಕೋಣೆಯ ಮೂಲೆಯಲ್ಲಿರುವ ಕಂಪ್ಯೂಟರಿಗೂ ಅದನ್ನು ಕಾಣುವಂತೆ ಮಾಡಬಹುದೇ? ಬಹುದು. ಬೇಕಾದ ಬಿಡಿಭಾಗಗಳು ಐದು, ಒಂದು ತುಂಡು ತಂತಿ, ಒಂದು ಪ್ಲಗ್ಗು, ಒಂದು ಸಂಜೆಯ ಬಿಡುವು. ಖರ್ಚು ಉಡುಪಿಯ ಹೋಟೆಲಿನಲ್ಲಿ ಮನೆಮಂದಿಯೆಲ್ಲ ಬನ್ಸು ತಿಂದು ಚಹಾ ಕುಡಿದಷ್ಟು.

ಆದರೆ ಕೀಲಿಮಣೆ, ಮೌಸು ಎಲ್ಲ ಇರುವಾಗ ಇದು ಯಾರಿಗೆ ಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಕಾರ್ಕಳದ ಕಡೆಯ ಒಂದು ಹಂಚಿನ ಮನೆಯನ್ನು ಊಹಿಸಿಕೊಳ್ಳಿ.

ಹೆಬ್ಬೆರಳೊಂದೇ ಉಳಿದಾಗ

ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಪಾರ್ಶ್ವವಾಯು ಬಡಿದು ದೇಹದ ಒಂದು ಬದಿ ಸೋತಿದೆ. ಇನ್ನೊಂದು ಕೈಯಲ್ಲಿ ನಡುಕ. ಆ ಕೈಯ ಹೆಬ್ಬೆರಳೊಂದು ಮಾತ್ರ ಹೇಳಿದಂತೆ ಕೇಳುತ್ತದೆ. ಹಿಂದೆ ಬಯಲಾಟ, ತಾಳಮದ್ದಳೆ ಎಂದು ರಾತ್ರಿ ಬೆಳಗು ಮಾಡಿದವರು. ಮಗ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಟ್ಟಿದ್ದಾನೆ. 1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಕಂಠವೂ ಅದರೊಳಗಿದೆ.

"ಮಗಾ, ಆ ಪದ್ಯ ಇನ್ನೊಮ್ಮೆ ಹಾಕು ಮಾರಾಯ."

"ಹಾಕ್ತೆ ಅಪ್ಪಯ್ಯ, ಒಂದು ನಿಮಿಷ."

ಮಗನಿಗೆ ಬೇಸರವಿಲ್ಲ. ಆದರೆ ಪದ್ಯ ಬದಲಿಸಲು, ಸ್ವರ ಏರಿಸಲು, ನಡುವೆ ನಿಲ್ಲಿಸಲು ದಿನಕ್ಕೆ ಹತ್ತು ಸಲ ಒಬ್ಬರನ್ನು ಕರೆಯಬೇಕು. ಎರಡು ವಾರ ಕರೆದ ಮೇಲೆ ಅಪ್ಪಯ್ಯ ಕರೆಯುವುದನ್ನು ಕಡಿಮೆ ಮಾಡುತ್ತಾರೆ. ಆಮೇಲೆ ಕೇಳುವುದನ್ನೇ ಬಿಡುತ್ತಾರೆ. ಕಾಯಿಲೆಯವರು ಕಳೆದುಕೊಳ್ಳುವುದು ಕೈಕಾಲಿನ ಶಕ್ತಿಯನ್ನಷ್ಟೇ ಅಲ್ಲ. ತಮಗೆ ಬೇಕಾದ್ದನ್ನು ಬೇಕಾದ ಹೊತ್ತಿಗೆ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾರೆ.

ಮೌಸು ಹಿಡಿಯಲು ಮಣಿಕಟ್ಟು, ಮೊಣಕೈ ಎರಡೂ ಜತೆಗೂಡಬೇಕು. ನೂರಕ್ಕೆ ಹತ್ತಿರ ಕೀಲಿಗಳಿರುವ ಮಣೆಯನ್ನು ಎದೆಯ ಮೇಲಿಟ್ಟುಕೊಳ್ಳಲಾಗದು. ಮುಟ್ಟಿದರೆ ಕೆಲಸ ಮಾಡುವ ಫೋನಿನ ಪರದೆ ನಯವಾದ ಗಾಜು. ಬೆರಳಿಗೆ ಅಲ್ಲಿ ಗುರುತೇ ಸಿಗದು, ನಡುಗುವ ಬೆರಳು ಒಂದರ ಬದಲು ಇನ್ನೊಂದನ್ನು ತಟ್ಟುತ್ತದೆ. ರಿಮೋಟು ಹಾಗಲ್ಲ. ಹಗುರ, ಅಂಗೈಗೆ ಒಗ್ಗುವ ಆಕಾರ, ಉಬ್ಬಿನಿಂತ ರಬ್ಬರಿನ ಗುಂಡಿಗಳು. ಕರೆಂಟು ಹೋದ ಕತ್ತಲಲ್ಲೂ ಹೆಬ್ಬೆರಳು ಅವನ್ನು ತಡವಿ ಗುರುತಿಸುತ್ತದೆ. ಇಪ್ಪತ್ತು ವರ್ಷ ಒತ್ತಿ ಪಳಗಿದ ರಿಮೋಟಾದರೆ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಟಿ.ವಿ. ಗುಜರಿಗೆ ಹೋಗಿ ಎಷ್ಟೋ ಕಾಲವಾದರೂ ಅದರ ರಿಮೋಟು ಮೇಜಿನ ಖಾನೆಯಲ್ಲಿ ಉಳಿದಿರುವ ಮನೆಗಳು ಬಹಳ.

ಕೆಂಪಿನಾಚೆಯ ಬೆಳಕು

ಕಾಣದ ಈ ಬೆಳಕನ್ನು ಮೊದಲು ಪತ್ತೆಮಾಡಿದವರು ವಿಲಿಯಂ ಹರ್ಷೆಲ್. ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಬಂದು ಸಂಗೀತಗಾರರಾಗಿ ಹೊಟ್ಟೆ ಹೊರೆದು, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವರು ಇವರೇ. 1800ರಲ್ಲಿ ಅವರು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಹರಡಿದ ಬಣ್ಣಗಳಲ್ಲಿ ಉಷ್ಣತಾಮಾಪಕಗಳನ್ನಿಟ್ಟು ಯಾವ ಬಣ್ಣದಲ್ಲಿ ಎಷ್ಟು ಬಿಸಿ ಎಂದು ಅಳೆದರು. ಕೆಂಪಿನ ಅಂಚಿನಾಚೆ, ಯಾವ ಬಣ್ಣವೂ ಬೀಳದ ಜಾಗದಲ್ಲಿಟ್ಟ ಮಾಪಕದಲ್ಲಿ ಪಾದರಸ ಇನ್ನಷ್ಟು ಏರಿತ್ತು. ಅಲ್ಲಿ ಕಾಣದ ಕಿರಣವೇನೋ ಬೀಳುತ್ತಿರಬೇಕು ಎಂದು ಅವರು ತೀರ್ಮಾನಿಸಿದರು. ಅದನ್ನೇ ಇಂದು ಅವಕೆಂಪು ಅಥವಾ ಇನ್‌ಫ್ರಾರೆಡ್ ಎನ್ನುವುದು.

ಅವಕೆಂಪನ್ನು ಅನುಭವಿಸಲು ಪಟ್ಟಕ ಬೇಕೆಂದೇನೂ ಇಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನಿರುವ ಕಾರ್ಕಳದ ಬೆಟ್ಟಕ್ಕೆ ಏಪ್ರಿಲ್ ತಿಂಗಳ ಸಂಜೆ ಹೋದವರಿಗೆ ಇದು ಗೊತ್ತು. ಸೂರ್ಯ ಮುಳುಗಿದ ಮೇಲೂ ಬಂಡೆಯ ಹತ್ತಿರ ಮುಖ ತಂದರೆ ಮುಟ್ಟದೆಯೇ ಕೆನ್ನೆಗೆ ಬಿಸಿ ತಾಗುತ್ತದೆ. ಹಗಲಿಡೀ ಕುಡಿದ ಬಿಸಿಲನ್ನು ಕಲ್ಲು ಅವಕೆಂಪಾಗಿ ಹೊರಚೆಲ್ಲುತ್ತಿರುತ್ತದೆ.

ಹಾಗೆಂದು ರಿಮೋಟಿನ ಮೂತಿಗೆ ಕೈಯೊಡ್ಡಿದರೆ ಬಿಸಿಯಾಗದು. ಬಂಡೆಯ ಕಿರಣದ ತರಂಗದೂರ ಹತ್ತು ಮೈಕ್ರೋಮೀಟರಿನ ಆಸುಪಾಸು. ರಿಮೋಟಿನದು ಒಂದು ಮೈಕ್ರೋಮೀಟರಿಗಿಂತ ತುಸು ಕಡಿಮೆ, ಸಾಮಾನ್ಯವಾಗಿ 0.94. ಕಣ್ಣಿಗೆ ಕಾಣುವ ಕೆಂಪು 0.7ರ ಸುಮಾರಿಗೆ ಮುಗಿಯುತ್ತದೆ. ಅಂದರೆ ರಿಮೋಟಿನ ಬೆಳಕು ಕೆಂಪಿನ ಪಕ್ಕದ ಮನೆಯದು, ಕಾಣದಿದ್ದರೂ ನಡೆನುಡಿಯೆಲ್ಲ ಬೆಳಕಿನದೇ. ಗೋಡೆಯನ್ನು ದಾಟದು, ಆದ್ದರಿಂದಲೇ ಒಂದು ಮನೆಯ ರಿಮೋಟಿಗೆ ಪಕ್ಕದ ಮನೆಯ ಟಿ.ವಿ. ಓಗೊಡುವುದಿಲ್ಲ. ಸುಣ್ಣ ಬಳಿದ ಗೋಡೆಗೆ ಬಡಿದು ಮರಳುತ್ತದೆ, ಆದ್ದರಿಂದ ಟಿ.ವಿ.ಗೆ ಬೆನ್ನು ಹಾಕಿ ಒತ್ತಿದರೂ ಎಷ್ಟೋ ಸಲ ಕೆಲಸ ಆಗುತ್ತದೆ. ಮಲಗಿದಲ್ಲಿಂದ ಸರಿಯಾಗಿ ಗುರಿಯಿಡಲಾರದವರಿಗೆ ಇದೂ ಒಂದು ಅನುಕೂಲ.

ಅದನ್ನು ಕಣ್ಣಾರೆ ಕಾಣಬೇಕೆಂದರೆ ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಪರದೆಯಲ್ಲಿ ನೇರಳೆ ಛಾಯೆಯ ಬಿಳಿ ಚುಕ್ಕೆ ಮಿನುಗುತ್ತದೆ. ಕೆಲವು ಮೊಬೈಲುಗಳ ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಸೋಸಕ ಬಲವಾಗಿರುತ್ತದೆ. ಆಗ ಮುಂದಿನ ಕ್ಯಾಮೆರಾದಲ್ಲಿ ನೋಡಬೇಕು. ಹಾಳಾಯಿತೆಂದು ಎಸೆಯಲು ಇಟ್ಟ ರಿಮೋಟು ನಿಜವಾಗಿ ಸತ್ತಿದೆಯೋ, ಸೆಲ್ಲು ಮಾತ್ರ ಮುಗಿದಿದೆಯೋ ಎಂದು ತಿಳಿಯಲು ಇದು ಸುಲಭದ ಪರೀಕ್ಷೆ.

ಮಿಟುಕಿನ ಲಿಪಿ

ಬಿಸಿಲಿನಲ್ಲಿ ಅವಕೆಂಪು ಧಾರಾಳ. ಉರಿಯುವ ಬಲ್ಬಿನಲ್ಲೂ ಉಂಟು. ಇಷ್ಟೆಲ್ಲದರ ನಡುವೆ ರಿಮೋಟಿನ ಪುಟ್ಟ ಬೆಳಕನ್ನು ಬೇರ್ಪಡಿಸುವುದು ಹೇಗೆ? ಸಂತೆಯ ಗದ್ದಲದ ನಡುವೆಯೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುವಂತೆ, ಸ್ವರದಿಂದ. ರಿಮೋಟಿನ ದೀಪ ಸುಮ್ಮನೆ ಬೆಳಗುವುದಿಲ್ಲ. ಸೆಕೆಂಡಿಗೆ ಸುಮಾರು 38,000 ಸಲ ಮಿಟುಕುತ್ತ ಬೆಳಗುತ್ತದೆ. ಬಿಸಿಲು ಹಾಗೆ ಮಿಟುಕದು. ಹಳೆಯ ಚೋಕಿನ ಟ್ಯೂಬುಲೈಟು ಮಿಟುಕುವುದು ಸೆಕೆಂಡಿಗೆ ನೂರೇ ಸಲ. ಹೀಗಾಗಿ 38,000ದ ಸ್ವರವೊಂದನ್ನೇ ಆಲಿಸುವ ಗ್ರಾಹಕಕ್ಕೆ ಉಳಿದ ಗದ್ದಲ ಕೇಳಿಸದು.

ಈ 38,000 ಎಲ್ಲಿಂದ ಬಂತು ಎಂಬುದು ಹಳೆಯ ರೇಡಿಯೋ ರಿಪೇರಿಯವರಿಗೆ ಖುಷಿ ಕೊಡುವ ಸಂಗತಿ. ಮೀಡಿಯಂ ವೇವ್ ರೇಡಿಯೋಗಳ ಒಳಗಿನ ಮಧ್ಯಂತರ ಆವರ್ತ 455 ಕಿಲೋಹರ್ಟ್ಸ್. ಅದಕ್ಕೆಂದು ತಯಾರಾಗುತ್ತಿದ್ದ ಪಿಂಗಾಣಿ ಅನುರಣಕಗಳು ಅಗ್ಗವಾಗಿ ಸಿಗುತ್ತಿದ್ದವು. ರಿಮೋಟುಗಳಲ್ಲೂ ಅವನ್ನೇ ಕೂರಿಸಿದರು. 455ನ್ನು 12ರಿಂದ ಭಾಗಿಸಿ ನೋಡಿ, 37.9 ಬರುತ್ತದೆ. ರೇಡಿಯೋದ ಎಲುಬೊಂದು ರಿಮೋಟಿನೊಳಗೆ ಬಂದು ಕೂತಿದೆ.

ಇನ್ನು ಲಿಪಿಯ ವಿಷಯ. ಫಿಲಿಪ್ಸ್ ಕಂಪನಿ ರೂಪಿಸಿದ ಆರ್‌ಸಿ-5 ಎಂಬ ಪದ್ಧತಿಯನ್ನೇ ನೋಡಿ. ಇದರ ಮಿಟುಕು ಸೆಕೆಂಡಿಗೆ 36,000. ಒಂದು ಗುಂಡಿ ಒತ್ತಿದರೆ 14 ಅಂಕಿಗಳ ಒಂದು ಸಾಲು ಹೊರಡುತ್ತದೆ, ಪ್ರತಿಯೊಂದು ಅಂಕಿಯೂ ಸೊನ್ನೆ ಇಲ್ಲವೆ ಒಂದು. ಮೊದಲು ಕತ್ತಲು ಆಮೇಲೆ ಬೆಳಕು ಬಂದರೆ ಒಂದು; ಮೊದಲು ಬೆಳಕು ಆಮೇಲೆ ಕತ್ತಲಾದರೆ ಸೊನ್ನೆ. ಆರಂಭದ ಎರಡು ಅಂಕಿಗಳು "ಕೇಳಿಸಿಕೋ" ಎಂಬ ಎಚ್ಚರಿಕೆ. ಮೂರನೆಯದರ ಮಾತು ಮುಂದೆ ಬರುತ್ತದೆ. ಅನಂತರದ ಐದು ವಿಳಾಸ, ಟಿ.ವಿ.ಯ ವಿಳಾಸ ಐದೂ ಸೊನ್ನೆ. ಕೊನೆಯ ಆರು ಅಪ್ಪಣೆ: ಸ್ವರ ಏರಿಸಲು 16, ಇಳಿಸಲು 17, ಆರಿಸಲು 12. ಇಡೀ ಸಾಲು ಮುಗಿಯಲು ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ಬೆರಳು ಎತ್ತುವ ತನಕ ಅದೇ ಸಾಲು ಸೆಕೆಂಡಿಗೆ ಎಂಟೊಂಬತ್ತು ಸಲ ಹೋಗುತ್ತಲೇ ಇರುತ್ತದೆ.

ಎಲ್ಲ ಕಂಪನಿಗಳ ಲಿಪಿ ಒಂದೇ ಅಲ್ಲ. ಜಪಾನಿನ ಎನ್‌ಇಸಿ ಪದ್ಧತಿಯಲ್ಲಿ ಮೊದಲಿಗೆ 9 ಮಿಲಿಸೆಕೆಂಡಿನ ಉದ್ದನೆಯ ಬೆಳಕು. ವಿಳಾಸವನ್ನೂ ಅಪ್ಪಣೆಯನ್ನೂ ಒಮ್ಮೆ ನೇರವಾಗಿ, ಒಮ್ಮೆ ತಿರುವುಮುರುವಾಗಿ ಕಳಿಸುತ್ತಾರೆ, ತಪ್ಪಾದರೆ ಗೊತ್ತಾಗಲಿ ಎಂದು. ಕಂಪ್ಯೂಟರಿಗೆ ಇವೆಲ್ಲವನ್ನೂ ಕಲಿಸಬಹುದು.

ಕಟ್ಟುವ ಕೆಲಸ

ಹಳೆಯ ಮೇಜಿನ ಕಂಪ್ಯೂಟರಿನ ಬೆನ್ನಿನಲ್ಲಿ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟ್ ಎಂಬ ಕಿಂಡಿ ಇರುತ್ತದೆ. ಮನೆಯಲ್ಲಿ ಮಾಡುವ ಗ್ರಾಹಕಕ್ಕೆ ಇದರ ಮೂರು ಸೂಜಿಗಳು ಸಾಕು. ಏಳನೆಯದು ವಿದ್ಯುತ್ತು ಕೊಡಲು, ಐದನೆಯದು ನೆಲ ಅಂದರೆ ಗ್ರೌಂಡು, ಒಂದನೆಯದು ಸುದ್ದಿ ಒಳಗೆ ಹೋಗಲು.

ಮುಖ್ಯ ಬಿಡಿಭಾಗ ಟಿಎಸ್‌ಒಪಿ 1738 ಎಂಬ ಮೂರು ಕಾಲಿನ ಕಪ್ಪು ಗ್ರಾಹಕ. ಟಿ.ವಿ.ಯ ಮುಖದಲ್ಲಿ ರಿಮೋಟಿಗಾಗಿ ಕಾದು ಕೂತಿರುವುದು ಇದರದೇ ಜಾತಿ. ಕಪ್ಪು ರಾಳದ ಮೈ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಮಾತ್ರ ಒಳಬಿಡುತ್ತದೆ. ಬೆಳಕನ್ನು ವಿದ್ಯುತ್ತಾಗಿಸುವ ಡಯೋಡು, ಅದನ್ನು ಹಿಗ್ಗಿಸುವ ವರ್ಧಕ, 38 ಕಿಲೋಹರ್ಟ್ಸ್ ಮಾತ್ರ ಆಯ್ದುಕೊಳ್ಳುವ ಸೋಸಕ ಎಲ್ಲವೂ ಆ ಹುಣಸೆಬೀಜದಷ್ಟು ಗಾತ್ರದಲ್ಲಿ ಅಡಗಿವೆ. 36ರ ಆರ್‌ಸಿ-5 ರಿಮೋಟು ಹತ್ತಿರದಿಂದ ಇದಕ್ಕೂ ಕೇಳಿಸುತ್ತದೆ. ದೂರ ಬೇಕಾದರೆ 1736 ಎಂಬ ಅಂಕಿಯದನ್ನು ಕೊಳ್ಳಬೇಕು.

ಉಳಿದವು ನಾಲ್ಕು: 1ಎನ್4148 ಡಯೋಡು, 5 ವೋಲ್ಟಿಗೆ ಇಳಿಸುವ 78ಎಲ್05, 4.7 ಮೈಕ್ರೋಫ್ಯಾರಡಿನ ಕೆಪಾಸಿಟರು, 4.7 ಕಿಲೋ ಓಮ್ ರೆಸಿಸ್ಟರು. ಏಳನೆಯ ಸೂಜಿಯಲ್ಲಿ ಕೆಲಸದ ಹೊತ್ತಿಗೆ ಸುಮಾರು ಹತ್ತು ವೋಲ್ಟು ಬರುತ್ತದೆ. ಬಿಡುವಿನ ಹೊತ್ತಿನಲ್ಲಿ ಅದೇ ಸೂಜಿ ಋಣಕ್ಕೆ ತಿರುಗುತ್ತದೆ. ಅದು ಮುಂದೆ ಹೋಗದಂತೆ ತಡೆಯಲು ಡಯೋಡು ಬಾಗಿಲು ಕಾಯುತ್ತದೆ. 78ಎಲ್05 ಅದನ್ನು 5ಕ್ಕೆ ಇಳಿಸಿ ಗ್ರಾಹಕಕ್ಕೆ ಕೊಡುತ್ತದೆ. ಆ 5 ವೋಲ್ಟಿಗೂ ನೆಲಕ್ಕೂ ನಡುವೆ ಕೆಪಾಸಿಟರು. ಗ್ರಾಹಕದ ಹೊರಗಾಲು ನೇರ ಒಂದನೆಯ ಸೂಜಿಗೆ. ಅದೇ ಕಾಲಿನಿಂದ 5 ವೋಲ್ಟಿಗೆ ರೆಸಿಸ್ಟರು. ಬೆಳಕಿಲ್ಲದಾಗ ಹೊರಗಾಲಿನಲ್ಲಿ 5 ವೋಲ್ಟು, ರಿಮೋಟಿನ ಬೆಳಕು ಬಿದ್ದಾಗ ಸೊನ್ನೆ. ಕಂಪ್ಯೂಟರು ಪ್ರತಿಯೊಂದು ಏರಿಳಿತಕ್ಕೂ ಎಚ್ಚೆತ್ತು ಅದು ಯಾವ ಕ್ಷಣಕ್ಕೆ ಆಯಿತೆಂದು ಬರೆದಿಟ್ಟುಕೊಳ್ಳುತ್ತದೆ. ದೋಣಿಯವನು ದೀಪಸ್ತಂಭದ ಮಿಟುಕು ಎಣಿಸುವುದೂ ಇದೂ ಒಂದೇ ಕೆಲಸ.

ಎಡವುವ ಜಾಗಗಳು ಮೂರು. ಮೊದಲನೆಯದು ಗ್ರಾಹಕದ ಕಾಲುಗಳು. 1738ರ ಉಬ್ಬುಮುಖ ನೋಡುವವರ ಕಡೆಗಿದ್ದರೆ ಎಡದಿಂದ ನೆಲ, ವಿದ್ಯುತ್ತು, ಹೊರಗಾಲು. ಅದರ ತಮ್ಮನಂತಿರುವ 4838ರಲ್ಲಿ ಹೊರಗಾಲು, ನೆಲ, ವಿದ್ಯುತ್ತು. ತಿರುಗುಮುರುಗಾದರೆ ಗ್ರಾಹಕ ಸುಟ್ಟುಹೋಗಬಹುದು. ಎರಡನೆಯದು ಪ್ಲಗ್ಗಿನ ಅಂಕಿಗಳು. ಮುಂದಿನಿಂದ ನೋಡಿದಾಗ ಎಡಕ್ಕಿದ್ದದ್ದು ಬೆಸುಗೆ ಹಾಕುವ ಹಿಂಬದಿಯಿಂದ ಬಲಕ್ಕೆ ಬರುತ್ತದೆ. ರಂಧ್ರಗಳ ಪಕ್ಕದಲ್ಲಿ ಅಚ್ಚಾದ ಸಣ್ಣ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದಿಯೇ ಬೆಸುಗೆ ಹಾಕಬೇಕು. ಮೂರನೆಯದು ಹಳೆಯ ಟಿ.ವಿ. ಬಿಚ್ಚಿ ಗ್ರಾಹಕ ಕಿತ್ತುಕೊಳ್ಳುವ ಆಸೆ. ಚಿತ್ರಕೊಳವೆಯ ಟಿ.ವಿ.ಯೊಳಗೆ ಪ್ಲಗ್ಗು ಕಿತ್ತ ಮೇಲೂ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಅದು ಬಲ್ಲವರ ಕೆಲಸ. ಅಂಗಡಿಯಲ್ಲಿ ಹೊಸದೇ ಅಗ್ಗವಾಗಿ ಸಿಗುವಾಗ ಆ ಸಾಹಸ ಬೇಡ.

ಕರಾವಳಿಗೆ ವಿಶೇಷವಾದ ತೊಂದರೆಯೂ ಒಂದು ಉಂಟು. ಕಾಪುವಿನಂಥ ಕಡಲತಡಿಯ ಉಪ್ಪುಗಾಳಿ, ಆಟಿ ತಿಂಗಳ ಬಿಡದ ಮಳೆ ಎರಡೂ ಲೋಹಕ್ಕೆ ವೈರಿಗಳು. ಬೆಸುಗೆಯ ಜಾಗ ಹಸಿರುಗಟ್ಟುತ್ತದೆ. ರಿಮೋಟಿನ ಸೆಲ್ಲಿನ ತಗಡು ತುಕ್ಕು ಹಿಡಿಯುತ್ತದೆ. ಗ್ರಾಹಕವನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಖ ಮಾತ್ರ ಹೊರಗೆ ಕಾಣುವಂತೆ ಮಾಡಿದರೆ ಒಳ್ಳೆಯದು. ಎಲೆಕ್ಟ್ರಾನಿಕ್ ದೀಪಗಳ ಹತ್ತಿರ ಅದನ್ನು ಇಡಬಾರದು. ಅವು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಟುಕಿ ಗ್ರಾಹಕಕ್ಕೆ ಭ್ರಮೆ ಹುಟ್ಟಿಸಬಲ್ಲವು.

ನಡುಗುವ ಕೈಗೆ ಹೊಂದಿಸುವುದು

ಬೆಸುಗೆ ಮುಗಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ ತಂತ್ರಾಂಶದ್ದು. ಲಿನಕ್ಸ್ ಕಂಪ್ಯೂಟರುಗಳಿಗಾಗಿ ಲಿರ್ಕ್ ಎಂಬ ಉಚಿತ ತಂತ್ರಾಂಶ ಉಂಟು. ವಿಂಡೋಸಿಗೆ ಅದರದೇ ರೂಪ ವಿನ್‌ಲಿರ್ಕ್. ಮೊದಲು ಪಾಠ ಹೇಳಬೇಕು: ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೆಸರು ಕೊಡುವುದು. ತಂತ್ರಾಂಶ ಅದನ್ನು ಪದಕೋಶದಂತೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಯಾವ ಹೆಸರು ಬಂದರೆ ಏನು ಮಾಡಬೇಕೆಂದು ಇನ್ನೊಂದು ಪಟ್ಟಿ. ಒಂದನೆಯ ಗುಂಡಿಗೆ ಒಂದು ಪ್ರಸಂಗ, ಎರಡನೆಯದಕ್ಕೆ ಇನ್ನೊಂದು, ದೊಡ್ಡ ಕೆಂಪು ಗುಂಡಿಗೆ "ನಿಲ್ಲಿಸು".

ಅಪ್ಪಯ್ಯನಂಥವರಿಗೆ ನಿಜವಾದ ಉಪಕಾರವಾಗುವುದು ಇದರ ಮುಂದಿನ ಹಂತದಲ್ಲಿ. ನಡುಗುವ ಹೆಬ್ಬೆರಳು ಗುಂಡಿಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತದೆ. ಅಷ್ಟರಲ್ಲಿ ಸಾಲು ಹತ್ತು ಸಲ ಹೋಗಿ ಪದ್ಯ ಹತ್ತು ಸಲ ಬದಲಾಗಿಬಿಡುತ್ತದೆ. ಆರ್‌ಸಿ-5ರ ಮೂರನೆಯ ಅಂಕಿ ಇರುವುದು ಇದಕ್ಕಾಗಿಯೇ. ಬೆರಳೆತ್ತಿ ಹೊಸದಾಗಿ ಒತ್ತಿದಾಗ ಮಾತ್ರ ಅದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಹೊರಳುತ್ತದೆ. ಹೊರಳದಿದ್ದರೆ ಒತ್ತಿ ಹಿಡಿದದ್ದು ಎಂದು ತಿಳಿದು ಪುನರಾವರ್ತನೆಯನ್ನು ಕಡೆಗಣಿಸಲು ಹೇಳಬಹುದು. ನಡುಕದಿಂದ ಬೆರಳು ಎದ್ದು ಎದ್ದು ಬೀಳುವುದಾದರೆ, ಒಂದು ಸೆಕೆಂಡಿನೊಳಗೆ ಮತ್ತೆ ಬಂದ ಅದೇ ಗುಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಬಹುದು. ಒಂದು ಸೆಕೆಂಡು ಸಾಲದೆ? ಎರಡು ಮಾಡಬಹುದು. ಅಂಗಡಿಯ ಸಿದ್ಧ ಯಂತ್ರದಲ್ಲಿ ಈ ಸಲುಗೆ ಅಷ್ಟು ಸುಲಭದಲ್ಲಿ ಸಿಗದು. ಮನೆಯಲ್ಲೇ ಕಟ್ಟಿದ್ದರ ದೊಡ್ಡ ಗುಣವೆಂದರೆ ಯಂತ್ರ ಮನುಷ್ಯನಿಗೆ ಹೊಂದಿಕೊಳ್ಳುತ್ತದೆ, ಮನುಷ್ಯ ಯಂತ್ರಕ್ಕಲ್ಲ.

ಯಾವ ಬೆರಳಿಗೆ ಎಷ್ಟು ಶಕ್ತಿ ಉಳಿದಿದೆ, ಯಾವ ಗುಂಡಿ ಎಟಕುತ್ತದೆ ಎಂದು ಹೇಳಬಲ್ಲವರು ಆಕ್ಯುಪೇಷನಲ್ ಥೆರಪಿಯ ತಜ್ಞರು. ಮಣಿಪಾಲದಲ್ಲಿ ಅಂಥ ವಿಭಾಗ ಉಂಟು. ಡಾ. ಟಿ.ಎಂ.ಎ. ಪೈ ಅವರು ಅಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ತಾಂತ್ರಿಕ ಕಾಲೇಜನ್ನೂ ಆರಂಭಿಸಿದರು. ರೋಗಿಯ ಕೈ ಬಲ್ಲವರು ಒಂದು ಕಡೆ, ಸರ್ಕಿಟ್ ಬಲ್ಲವರು ಇನ್ನೊಂದು ಕಡೆ, ನಡುವೆ ನಡೆದುಹೋಗುವಷ್ಟೇ ದಾರಿ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ರಜೆಯಲ್ಲಿ ಅಜ್ಜನಿಗಾಗಿ ಇಂಥದ್ದೊಂದನ್ನು ಕಟ್ಟಿದರೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ.

ಪೋರ್ಟು ಇಲ್ಲದಿದ್ದರೆ?

ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಕಾಣೆಯಾಗಿದೆ. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ತಂತಿ ಕೊಂಡರೆ ಆಯಿತಲ್ಲ ಎನ್ನಿಸುವುದು ಸಹಜ. ಆದರೆ ಆ ತಂತಿ ಸುದ್ದಿಗಳನ್ನು ಕಟ್ಟು ಕಟ್ಟಿ ತಡವಾಗಿ ಒಪ್ಪಿಸುತ್ತದೆ. ಕಾಲದ ಲೆಕ್ಕವೇ ಜೀವಾಳವಾದ ಇಲ್ಲಿ ಅದು ನಡೆಯದು.

ಬದಲಿಗೆ ಆರ್ಡುಯಿನೋ ಜಾತಿಯ ಸಣ್ಣ ಹಲಗೆಯೊಂದಕ್ಕೆ ಗ್ರಾಹಕದ ಮೂರು ಕಾಲು ಜೋಡಿಸಿದರೆ ಸಾಕು. ಮಿಟುಕು ಎಣಿಸುವ ಕೆಲಸವನ್ನು ಹಲಗೆಯೇ ಮಾಡುತ್ತದೆ. ಲಿಯೊನಾರ್ಡೊ ಮಾದರಿಯದಾದರೆ ಕಂಪ್ಯೂಟರಿನ ಮುಂದೆ ತಾನೊಂದು ಕೀಲಿಮಣೆ ಎಂದೇ ಪರಿಚಯ ಹೇಳಿಕೊಳ್ಳುತ್ತದೆ. ಕಂಪ್ಯೂಟರಿಗೆ ಬೇರೆ ತಂತ್ರಾಂಶವೇ ಬೇಡ. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗಂತೂ ಗ್ರಾಹಕವನ್ನು ನೇರವಾಗಿ ಸಿಕ್ಕಿಸಬಹುದು. ಎಚ್ಚರವಿರಲಿ: ಅದರ ಸೂಜಿಗಳು 3.3 ವೋಲ್ಟಿಗಿಂತ ಹೆಚ್ಚನ್ನು ತಾಳವು. ಅಲ್ಲಿಗೆ 5 ವೋಲ್ಟು ಕೇಳುವ 1738 ಬೇಡ, 2.5 ವೋಲ್ಟಿನಿಂದಲೇ ಕೆಲಸ ಮಾಡುವ 4838 ಸರಿ.

ರೇಡಿಯೋ, ಟಿ.ವಿ. ರಿಪೇರಿಯ ಪುಟ್ಟ ಅಂಗಡಿಗಳಲ್ಲಿ ಕೂತು ಕಲಿತವರಿಗೆ ಯಾವ ಯಂತ್ರವೂ ಮುಚ್ಚಿದ ಪೆಟ್ಟಿಗೆಯಾಗಿರಲಿಲ್ಲ. ಬಿಚ್ಚಿದರೆ ಒಳಗೆ ಓದಬಹುದಾದ ಏನೋ ಇದ್ದೇ ಇದೆ ಎಂಬ ನಂಬಿಕೆ ಅವರದು. ಐದು ಬಿಡಿಭಾಗಗಳ ಈ ಗ್ರಾಹಕ ಮಕ್ಕಳಿಗೆ ಕಲಿಸುವುದೂ ಅದನ್ನೇ. ಹರ್ಷೆಲರ ಪ್ರಯೋಗ ಪುಸ್ತಕದಲ್ಲಿ ಎರಡು ಸಾಲಿನ ಪಾಠ. ತಾನೇ ಬೆಸುಗೆ ಹಾಕಿದ ಗ್ರಾಹಕಕ್ಕೆ ಮನೆಯ ರಿಮೋಟು ಮಾತನಾಡಿದ ದಿನ ಅದು ಪಾಠವಾಗಿ ಉಳಿಯದು.

ಕಾಪುವಿನ ದೀಪ ಕತ್ತಲ ಕಡಲಿನಲ್ಲಿರುವವನಿಗೆ ದಡ ಎಲ್ಲಿದೆ ಎಂದು ಹೇಳುತ್ತದೆ. ಹಂಚಿನ ಮನೆಯ ಮಂಚದಲ್ಲಿ ಮಲಗಿದವರ ಕೈಯಲ್ಲಿರುವ ದೀಪ ಇನ್ನೂ ಚಿಕ್ಕದು, ಕಣ್ಣಿಗೂ ಕಾಣದ್ದು. ಹೆಬ್ಬೆರಳು ಒಮ್ಮೆ ಒತ್ತಿದರೆ ಸಾಕು. ಕೋಣೆಯ ಮೂಲೆಯಿಂದ ಚೆಂಡೆಯ ಪೆಟ್ಟು ಬೀಳುತ್ತದೆ, ಭಾಗವತರು ಪದ್ಯ ಎತ್ತುತ್ತಾರೆ. ಅಡುಗೆಮನೆಯಲ್ಲಿದ್ದ ಸೊಸೆ, ಜಗಲಿಯಲ್ಲಿದ್ದ ಮಗ ಇಬ್ಬರೂ ಒಂದು ಗಳಿಗೆ ಕಿವಿಗೊಡುತ್ತಾರೆ. ಅಪ್ಪಯ್ಯ ಯಾರನ್ನೂ ಕರೆದಿಲ್ಲ.